ಬೇಡ ಅಂದ ರೊಟ್ಟಿ

ಆಫೀಸುಗಳಿಗೆ ಹೋಗಿ ‘ತಂಡದಲ್ಲಿ ಪರಿಣಾಮಕಾರಿ ಸಂವಹನ’ ಅಂತ ಪಾಠ ಹೇಳುವುದು ನನ್ನ ಹೊಟ್ಟೆಪಾಡು. ಬೇರೆ ಬೇರೆ ಊರಿನ, ಬೇರೆ ಬೇರೆ ರೂಢಿಯ ಜನ ಒಟ್ಟಿಗೆ ಕೆಲಸ ಮಾಡುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಹೇಗೆ ತಲುಪಬೇಕು ಅಂತ ವಿವರಿಸಿ ವಿವರಿಸಿ ಗಂಟಲು ಸವೆದಿದೆ. ಅಂಥ ನನಗೆ ಮನೆಯಲ್ಲಿ ಒಂದು ಊಟ ನಡೆಸುವುದು ಯಾವ ಲೆಕ್ಕ? ಹಾಗಂತ ತಿಳಿದಿದ್ದೆ. ಈಗ ನೆನೆಸಿಕೊಂಡರೇ ಸುಸ್ತಾಗುತ್ತದೆ.

ನಮ್ಮ ಮಗಳು ಚೈತ್ರಾ ತಾನು ಪಾಠ ಮಾಡುವ ಕಾಲೇಜಿನಲ್ಲೇ ಮೇಷ್ಟ್ರಾಗಿರುವ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಇರುವುದು ಕೆಂಗೇರಿಯಲ್ಲಿ, ಅಪ್ಪ ಅಮ್ಮ ಗದಗಿನವರು. ಮೂವರೂ ಭಾನುವಾರ ಶ್ರೀಗಂಧದ ಕಾವಲ್‌ನ ನಮ್ಮ ಮನೆಗೆ ಊಟಕ್ಕೆ ಬಂದು ಸಂಬಂಧದ ಮಾತು ಮುಗಿಸುವುದು ಅಂತಾಯಿತು. ನನ್ನ ಹೆಂಡತಿ ಸುಧಾಗೆ ಒಂದೇ ಹಟ. ಬೀಗರಾಗುವವರಿಗೆ ಜೋಳದ ರೊಟ್ಟಿ ಬಡಿಸಬೇಕು. ಆದರೆ ಅವಳು ತಟ್ಟಿದ ರೊಟ್ಟಿ ಹೆಂಚು ಮುಟ್ಟುವ ಮೊದಲೇ ಹರಿದುಹೋಗುತ್ತದೆ.

“ಅಕ್ಕಪಕ್ಕದವರನ್ನ ಸೇರಿಸಿ ಒಂದು ಟೀಮ್ ಮಾಡ್ತೀನಿ. ನೀನು ಹೋಳಿಗೆ ಮಾಡು, ಮಿಕ್ಕಿದ್ದು ನನಗೆ ಬಿಡು” ಅಂದೆ.

ಕೆಳಗಿನ ಮನೆಯ ಗಿರಿಜಕ್ಕನೂ ಗದಗಿನ ಕಡೆಯವರೇ. ಮೆಟ್ಟಿಲ ಬಳಿ ಸಿಕ್ಕಾಗ ಅವರೇ ಕೇಳಿದರು. “ನಮ್ಮ ಕಡೆ ಮಂದಿ ಬರಾಕತ್ತಾರಂತಲ್ರಿ. ರೊಟ್ಟಿ, ಎಣ್ಣಿಗಾಯಿ ನಾ ಮಾಡಿಕೊಡ್ಲೇನ್ರಿ?”

ಕುಣಿಯುವಷ್ಟು ಖುಷಿಯಾಯಿತು. ಆದರೆ ನಮ್ಮ ಮಂಡ್ಯದ ಕಡೆ ಕೇಳಿದ ಕೂಡಲೇ ಹೂಂ ಅನ್ನುವವರು ಗತಿಗೆಟ್ಟವರು ಅಂತ ಲೆಕ್ಕ. ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ನಾಚಿಕೊಂಡು ಒಪ್ಪಬೇಕು. ಅದು ಮರ್ಯಾದೆ.

“ಅಯ್ಯೋ ಬೇಡಿ ಗಿರಿಜಕ್ಕ, ನಿಮಗ್ಯಾಕೆ ತೊಂದ್ರೆ.”

“ತೊಂದ್ರಿ ಏನಿಲ್ರಿ.”

“ಛೆ ಛೆ, ಬೇಡಿ ಬೇಡಿ.”

“ಆತ್ರಿ” ಅಂದು ಅವರು ಒಳಗೆ ಹೋದರು. ಮೂರನೆಯ ಸಲ ಕೇಳಲೇ ಇಲ್ಲ. ‘ಆತ್ರಿ’ ಅಂದರೆ ಒಪ್ಪಿಕೊಂಡ ಹಾಗೆ, ಮತ್ತೆ ಕೇಳುವುದೇನು ಅಂತ ನಾನೇ ಸಮಾಧಾನ ಮಾಡಿಕೊಂಡೆ!

ಮೇಲಿನ ಮನೆಯ ಲಲಿತಮ್ಮ ಮೈಸೂರಿನವರು, ನಮ್ಮದೇ ರೂಢಿ. ಅನ್ನ, ಸಾರು ಮಾಡಿಕೊಡ್ತೀರಾ ಅಂತ ಕೇಳಲು ಹೋದೆ. “ನನ್ ಕೈಲಿ ಎಲ್ಲಾಗುತ್ತಪ್ಪ, ಮಂಡಿ ನೋವು” ಅಂದರು. ಅದು ಮೊದಲನೆಯ ಬೇಡ. “ನಿಮ್ಮ ಕೈರುಚಿ ಯಾರಿಗಿದೆ ಹೇಳಿ” ಅಂದೆ. “ನಿಂತ್ಕೊಳಕ್ಕೇ ಆಗಲ್ಲ ಕಣಪ್ಪ” ಅಂದರು. ಎರಡನೆಯದು. “ಸುಮ್ನೆ ಹಾಗಂತೀರ” ಅಂದೆ. ನಕ್ಕರು. ಆಯಿತಲ್ಲ, ಒಪ್ಪಿಗೆ!

“ಟೀಮ್ ರೆಡಿ” ಅಂತ ಸುಧಾಗೆ ವರದಿ ಒಪ್ಪಿಸಿದೆ.

“ಬಾಯ್ಬಿಟ್ಟು ‘ಮಾಡಿಕೊಡಿ’ ಅಂದ್ರಾ?”

“ಅದನ್ನೆಲ್ಲ ಬಾಯ್ಬಿಟ್ಟು ಹೇಳ್ತಾರಾ? ಭಾವ ಅರ್ಥ ಆಗ್ಬೇಕು ಕಣೇ. ನನಗೇ ಸಂವಹನ ಹೇಳಿಕೊಡ್ತೀಯಾ?”

ಭಾನುವಾರ ಬೀಗರು ಹೇಳಿದ ಹೊತ್ತಿಗೆ ಬಂದು ಕೂತರು. ಹಿಂದೆಯೇ ಊಟಕ್ಕೆ ಕರೆದಿದ್ದ ಗಿರಿಜಕ್ಕ ಇಳಕಲ್ ಸೀರೆ ಉಟ್ಟು, ಕೈಬೀಸಿಕೊಂಡು ಬಂದರು.

“ರೊಟ್ಟಿ ಎಲ್ಲಿ ಗಿರಿಜಕ್ಕ?”

“ಯಾವ ರೊಟ್ಟಿರಿ? ನೀವ ಬ್ಯಾಡ ಅಂದ್ರಲ್ಲ!”

“ಇನ್ನೊಂದ್ಸಲ ಕೇಳಬಾರದಿತ್ತಾ?”

“ಬ್ಯಾಡ ಅಂದಾವ್ರನ್ನ ಮತ್ತ ಮತ್ತ ಕೇಳಿ ಯಾಕ ಕಾಡೂದಂತ ಬಿಟ್ಟೆ.”

ಮೇಲಕ್ಕೆ ಓಡಿದೆ. ಲಲಿತಮ್ಮ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಟಿವಿ ನೋಡುತ್ತಿದ್ದರು. “ಅವತ್ತೇ ಹೇಳಿದ್ನಲ್ಲಪ್ಪ ಆಗಲ್ಲ ಅಂತ” ಅಂದರು. ನಾನು ಬೇಡ ಅಂದದ್ದನ್ನು ಬೇಡ ಅಂತಲೇ ತಿಳಿದವರು ಗಿರಿಜಕ್ಕ, ಲಲಿತಮ್ಮ ಆಗಲ್ಲ ಅಂದದ್ದನ್ನು ಆಗುತ್ತೆ ಅಂತ ತಿಳಿದ ಪಂಡಿತ ನಾನು.

ಸುಧಾ ಏನೂ ಬೈಯಲಿಲ್ಲ. ಸ್ಕೂಟರ್ ಕೀ ಕೈಗಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು. ಮಾಗಡಿ ರಸ್ತೆಯ ದರ್ಶಿನಿಯಲ್ಲಿ ಭಾನುವಾರದ ಜಾತ್ರೆ. ನೂಕಾಡಿ ಬಿಸಿಬೇಳೆಬಾತ್ ಕಟ್ಟಿಸಿಕೊಂಡು ಬೆವರು ಸುರಿಸುತ್ತಾ ಬಂದೆ. ಡಬ್ಬಿಯಿಂದ ಬಾಳೆಲೆಗೆ ಬಿದ್ದ ಬಾತು ಡಬ್ಬಿಯ ಆಕಾರದಲ್ಲೇ ನಿಂತುಕೊಂಡಿತು. ಬೀಗರು ಪಾಪ, ಅದನ್ನೇ ಉಂಡರು.

ಉಪಚಾರದಲ್ಲಾದರೂ ಮಾನ ಉಳಿಸಿಕೊಳ್ಳೋಣ ಅಂತ ಹೋಳಿಗೆ ತಟ್ಟೆ ಹಿಡಿದೆ. ಹುಡುಗನ ತಂದೆ ವೀರಪ್ಪನವರು “ಬ್ಯಾಡ್ರಿ, ಸಾಕು” ಅಂದರು. ಸಂಕೋಚದ ಮನುಷ್ಯ! ಎರಡು ಹಾಕಿದೆ. “ಬ್ಯಾಡ್ರಿ!” ಅಂತ ಎಲೆಗೆ ಅಡ್ಡಲಾಗಿ ಕೈ ಹಿಡಿದರು. ಕೈ ಸರಿಸಿ ತುಪ್ಪ ಸುರಿದೆ. ಎಲೆಯಲ್ಲಿ ಬಿಡಬಾರದೆಂದು ಅವರು ತಿಂದರು. ಕೊನೆಯ ತುತ್ತಿನ ಹೊತ್ತಿಗೆ ಅವರ ಕಣ್ಣಲ್ಲಿ ನೀರಿತ್ತು.

ಎಲೆ ಅಡಿಕೆಗೆ ಕೂತಾಗ ಅವರು ಸುತ್ತಿ ಬಳಸದೆ ಹೇಳಿದರು. “ಹುಡುಗಿ ನಮಗ ಭಾಳ ಮನಸಿಗೆ ಬಂದಾಳ. ಸಂಬಂಧ ಮಾಡೂಣೇನ್ರಿ?”

ನಾನು ಕಾಯುತ್ತಿದ್ದ ಮಾತೇ ಅದು. ಆದರೆ ಹೆಣ್ಣಿನ ಕಡೆಯವನು, ಮೊದಲ ಸಲಕ್ಕೇ ಹೂಂ ಅನ್ನಲಾದೀತೇ?

“ಅಯ್ಯೋ, ನಿಮ್ಮ ಮನೆತನವೆಲ್ಲಿ, ನಾವೆಲ್ಲಿ. ಈಗಲೇ ಬೇಡಿ, ನೋಡೋಣ ಬಿಡಿ.”

ವೀರಪ್ಪನವರು ಎಲೆ ಅಡಿಕೆ ತಟ್ಟೆಯನ್ನು ಕೆಳಗಿಟ್ಟರು. “ಹಂಗಾರ ಬ್ಯಾಡ ಅಂದಂಗಾತು. ಇರಲಿ, ತಪ್ಪೇನಿಲ್ಲ. ನಡೀರಿ ಹೋಗೂಣು” ಅಂತ ಎದ್ದೇ ಬಿಟ್ಟರು. ಅಡುಗೆಮನೆ ಬಾಗಿಲಲ್ಲಿ ಚೈತ್ರಾ ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ.

ಗಿರಿಜಕ್ಕ ಬಾಗಿಲಿಗೆ ಅಡ್ಡ ನಿಂತರು. “ಕುಂದರ್ರಿ ಅಣ್ಣಾರ. ಇವರ ಕಡೆ ಬ್ಯಾಡ ಅಂದ್ರ ಬೇಕು ಅಂತ. ರೊಟ್ಟಿಗೆ ಹಿಂಗ ಬ್ಯಾಡ ಅಂದು ಆಮ್ಯಾಲೆ ನನ್ನ ಕೂಡ ಜಗಳಕ್ಕ ನಿಂತ್ರು!”

ವೀರಪ್ಪನವರು ನನ್ನ ಕಡೆ ತಿರುಗಿದರು. “ಅದಕ್ಕ ಅಷ್ಟು ಹೋಳಿಗಿ ಹಾಕಿದ್ರೇನು! ಒಂದ ಮಾತು ಹೇಳ್ರಿ. ಹೂಂನೋ, ಊಹೂಂನೋ?”

ನಾನು ಬಾಯಿ ತೆರೆಯುವಷ್ಟರಲ್ಲಿ “ಹೂಂ ಅಂಕಲ್!” ಅಂತ ಚೈತ್ರಾ ಕೂಗಿದಳು. ನಾನೂ ಹಿಂದೆಯೇ “ಹೂಂ” ಅಂದೆ. ವೀರಪ್ಪನವರು ನಕ್ಕು ಕೂತರು. ಮದುವೆ ಊಟದಲ್ಲಿ ಬಡಿಸುವ ಕೆಲಸ ಮಾತ್ರ ನನಗೆ ಕೊಡಬಾರದು ಅಂತ ಷರತ್ತು ಹಾಕಿದರು.

ಎಲ್ಲರೂ ಹೋದ ಮೇಲೆ ಕುರ್ಚಿಯಲ್ಲಿ ಕುಸಿದೆ. ಓಡಾಟದಲ್ಲಿ ನಾನು ತುತ್ತು ಅನ್ನ ತಿಂದಿರಲಿಲ್ಲ. ಸುಧಾ ಬಾತಿನ ಡಬ್ಬಿ ಹಿಡಿದು ಕೇಳಿದಳು.

“ಬಿಸಿ ಮಾಡಿ ಹಾಕ್ಲಾ?”

“ಬೇಡ ಬಿಡು, ನಿನಗ್ಯಾಕೆ ತೊಂದ್ರೆ” ಅಂದೆ.

“ಆತ್ರಿ” ಅಂದಳು ಸುಧಾ. ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು ಹೋಗಿ ಮಲಗಿದಳು.