ವೈರ್‌ಲೆಸ್ಸಿನಲ್ಲಿ ಬಂದ ವನಜಕ್ಕ

ಬೇಡದ ಶಬ್ದವೊಂದನ್ನು ಮನೆಯಿಂದ ಓಡಿಸುವ ಮೊದಲು, ಅದರ ಹಿಂದೆ ಯಾರು ನಿಂತಿದ್ದಾರೆ ಎಂದು ಒಮ್ಮೆ ಇಣುಕಿ ನೋಡುವುದು ಒಳ್ಳೆಯದು. ಇದು ಫಿಲಾಸಫಿ ಅಲ್ಲ, ಎಕ್ಸ್‌ಪೀರಿಯೆನ್ಸ್. ಸೈಲೆನ್ಸ್ ಈಸ್ ಗೋಲ್ಡನ್ ಎಂದು ನಮಗೆ ಕಾನ್ವೆಂಟಿನಲ್ಲಿ ಕಲಿಸಿದ ಸಿಸ್ಟರ್‌ಗಳು ನಮ್ಮ ಮನೆಯ ಚಾವಡಿಯಲ್ಲಿ ಒಂದು ಮಧ್ಯಾಹ್ನ ಕುಳಿತಿದ್ದರೆ ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ಪುತ್ತೂರಿನ ಮನೆಯಲ್ಲಿ ಅಮ್ಮ, ನಾನು, ತಮ್ಮ ಸದಾನಂದ, ಮೂವರೇ. ಸದು ಮದುವೆ ರಿಸೆಪ್ಷನ್‌ಗಳ ಆರ್ಕೆಸ್ಟ್ರಾದಲ್ಲಿ ಗಿಟಾರಿಸ್ಟ್. ಕಬಕದಿಂದ ಅರಂತೋಡಿನವರೆಗೆ ಅವನಿಗೆ ಫ್ಯಾನ್ಸ್ ಇದ್ದರು, ಮನೆಯಲ್ಲಿ ಮಾತ್ರ ಇರಲಿಲ್ಲ. ಕಾರಣ ಚಾವಡಿಯಲ್ಲಿದ್ದ ಅವನ ಆಂಪ್ಲಿಫೈಯರ್. ಸ್ವಿಚ್ ಹಾಕಿದರೆ ಸಾಕು, ಗುಂಯ್ ಎಂದು ಶುರು. ತಂತಿಯ ಮೇಲೆ ಕೈ ಇಟ್ಟರೆ ಸ್ವಲ್ಪ ಸುಮ್ಮನಾಗುತ್ತದೆ, ತೆಗೆದರೆ ಪುನಃ ಗುಂಯ್, ಹಠದ ಮಗುವಿನ ಹಾಗೆ. ಪಕ್ಕದ ಗಿರಿಜಕ್ಕ ಮಿಕ್ಸಿ ಹಾಕಿದರೆ ಅವರ ಚಟ್ನಿ ನಮ್ಮ ಚಾವಡಿಯಲ್ಲಿ ಅರೆಯುತ್ತಿತ್ತು. ಗಿಟಾರಿನಿಂದ ಆಂಪಿಗೆ ಹೋಗುವ ಉದ್ದ ಕೇಬಲ್ಲೇ ಗಾಳಿಯ ಗಲಾಟೆಯನ್ನೆಲ್ಲ ಹಿಡಿದು ತರುವುದೆಂದು ಸದು ಹೇಳುತ್ತಿದ್ದ. “ಆ ಜೇನುಗೂಡನ್ನು ಒಮ್ಮೆ ಆಫ್ ಮಾಡು ಮಾರಾಯ!” ಎಂದು ಅಮ್ಮ ಅಡುಗೆಮನೆಯಿಂದ ಕೂಗುವುದು, ಅವನು ಗೊಣಗುತ್ತ ಆಫ್ ಮಾಡುವುದು, ಇದು ನಮ್ಮ ದಿನಚರಿ.

ಆಗ ಗಲ್ಫಿನಿಂದ ಬಂದ ಅವನ ಗೆಳೆಯನೊಬ್ಬ ವೈರ್‌ಲೆಸ್ ತಂದುಕೊಟ್ಟ. ಬೆಂಕಿಪೆಟ್ಟಿಗೆಯಷ್ಟರ ಡಬ್ಬಿಯೊಂದು ಗಿಟಾರಿಗೆ, ಇನ್ನೊಂದು ಆಂಪಿಗೆ, ನಡುವೆ ಬರೀ ಗಾಳಿ. ಗುಂಯ್ ನಿಂತಿತು. ಎಷ್ಟು ಚೆನ್ನಾಗಿ ನಿಂತಿತೆಂದರೆ ಆಂಪ್ ಆನ್ ಉಂಟೆಂದೇ ಯಾರಿಗೂ ತಿಳಿಯುತ್ತಿರಲಿಲ್ಲ. ಸದು ಗಿಟಾರನ್ನು ಹಿಂದುಗಡೆ ನನ್ನ ರೂಮಿನಲ್ಲಿ ಕನ್ನಡಿಯ ಪಕ್ಕ ಒರಗಿಸಿ ಪೇಟೆಗೆ ಹೋಗುತ್ತಿದ್ದ. ಯಾವುದನ್ನೂ ಆಫ್ ಮಾಡುತ್ತಿರಲಿಲ್ಲ. ನೆನಪಿಸಲು ಜೇನುಗೂಡು ಇರಲಿಲ್ಲವಲ್ಲ.

ಒಂದು ಮಧ್ಯಾಹ್ನ ನಾನು ರೂಮಿನಿಂದ ಬಂದಾಗ ಅಮ್ಮ ಆಂಪನ್ನೇ ನೋಡುತ್ತ ಚಾವಡಿಯ ನಡುವೆ ನಿಂತಿದ್ದರು. ಹೊರಗೆ ಕಣ್ಣು ಕೋರೈಸುವ ಬಿಸಿಲು. ಅಮ್ಮನ ಕೈಯ ರೋಮಗಳು ಎದ್ದು ನಿಂತಿದ್ದವು.

“ಅದರೊಳಗೆ ಒಂದು ಹುಡುಗಿ ಉಂಟು.”

“ಎಂತ ಹುಡುಗಿ? ರೇಡಿಯೋ ಸ್ಟೇಷನ್ ಸಿಕ್ಕಿರಬೇಕು.”

“ರೇಡಿಯೋದವಳು ‘ನನಗೊಂದು ಮದುವೆ ಯಾಕೆ ಇಲ್ಲ’ ಅಂತ ಕೇಳುದುಂಟಾ?”

ನಾನು ಹುಟ್ಟುವ ಮೊದಲೇ ಜ್ವರದಲ್ಲಿ ತೀರಿಹೋದ ಅಕ್ಕ ಒಬ್ಬಳಿದ್ದಳು, ವನಜ. ನಮ್ಮ ಕಡೆ ಸತ್ತ ಮಕ್ಕಳೂ ಆಚೆ ಲೋಕದಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆ ಕೇಳುತ್ತಾರೆ. ಮಾಡದಿದ್ದರೆ ಕೆಳಗಿನವರ ಮದುವೆಗೆ ಅಡ್ಡ ನಿಲ್ಲುತ್ತಾರೆ. ಕೆಳಗಿನವಳು ನಾನು. ನೋಡಲು ಬಂದವರೆಲ್ಲ ಗೋಳಿಬಜೆ ತಿಂದು, ನನ್ನ ಇಂಗ್ಲಿಷ್ ಕೇಳಿ, ಪುನಃ ಮುಖ ತೋರಿಸದೆ ಹೋಗುತ್ತಿದ್ದ ಕಾಲ. ನನ್ನ ಪ್ರಾಯ ಮೀರುತ್ತಿದೆ ಎಂದು ಕೊರಗುತ್ತಿದ್ದ ಅಮ್ಮನಿಗೆ ಈಗ ಕಾರಣ ಸಿಕ್ಕಿತು.

ದನಿ ಮತ್ತೂ ಕೆಲವು ಮಧ್ಯಾಹ್ನ ಬಂತು. ಗಿರಿಜಕ್ಕನೂ ಕೇಳಿದರು. ಬಾವಿಯೊಳಗಿಂದ ಬಂದ ಹಾಗೆ, ಹಿಂದೆ ಸಣ್ಣಗೆ ತಂತಿ ನಡುಗುವ ಸದ್ದು. “ನಿನ್ನದೇ ದನಿ. ಒಂದೇ ರಕ್ತ ಅಲ್ವಾ!” ಎಂದರು ಅಮ್ಮ. ನನಗೊಬ್ಬಳಿಗೆ ಕೇಳಲಿಲ್ಲ, ನಾನು ಚಾವಡಿಗೆ ಕಾಲಿಟ್ಟರೆ ಅದು ಚುಪ್. “ತಂಗಿಯ ಮೇಲೆ ಸಿಟ್ಟು,” ಎಂದು ಗಿರಿಜಕ್ಕ ತೀರ್ಪು ಕೊಟ್ಟರು. ನಾನ್ಸೆನ್ಸ್ ಎಂದು ನಕ್ಕೆ. ಆದರೆ ಆಂಪಿನ ಮುಂದೆ ಹಾದುಹೋಗುವಾಗ ಸೆರಗು ಬಿಗಿ ಹಿಡಿದುಕೊಳ್ಳುತ್ತಿದ್ದೆ.

ಕಡಬದಲ್ಲಿ ವನಜಕ್ಕನಿಗೊಂದು ಸಂಬಂಧ ಕೂಡಿಬಂತು. ವರನೂ ತೊಟ್ಟಿಲಲ್ಲೇ ಹೋದವನು. ಮಾತುಕತೆಗೆ ಬಂದ ಅವನ ಸೋದರಮಾವ ಕೇಳಿಯೇಬಿಟ್ಟರು, “ಹುಡುಗಿ ಎಷ್ಟು ಓದಿದ್ದಾಳೆ?”

“ಶಾಲೆಗೆ ಹೋಗುವ ಮೊದಲೇ ಹೋದಳಲ್ಲ.”

“ಅದೇ ಒಳ್ಳೆಯದು,” ಎಂದರು ಅವರು, ಬಿ.ಎ. ಪಾಸಾಗಿ ಚಹಾ ಹಿಡಿದು ನಿಂತಿದ್ದ ನನ್ನನ್ನು ನೋಡುತ್ತ.

ಮದುವೆಗೆ ಸ್ವಲ್ಪ ದಿನ ಇರುವಾಗ, ನಾನು ಕನ್ನಡಿಯ ಮುಂದೆ ಜಡೆ ಹಾಕುತ್ತಿದ್ದೆ. ಸದು ಬಾಗಿಲಲ್ಲಿ ಬಂದು ನಿಂತ.

“ಅಕ್ಕ, ಈಗ ಎಂತ ಹೇಳಿದೆ ನೀನು?”

“ಎಂತ ಇಲ್ಲ. ನನ್ನನ್ನು ನೋಡಿ ಹೋದ ಸುಳ್ಯದ ಆ ಇಂಜಿನಿಯರನಿಗೆ ಬೈದೆ.”

“ಪುನಃ ಬೈ.” ಚಾವಡಿಗೆ ಓಡಿದವನು ಬೆಳ್ಳಗಾಗಿ ಬಂದ. ಅವನ ಗಿಟಾರಿನಲ್ಲಿ ತಂತಿಯ ಸದ್ದು ಹಿಡಿಯುವ ಪಿಕಪ್ ಅಗ್ಗದ ಮಾಲಂತೆ, ಬಾಯಿ ಹತ್ತಿರವಿದ್ದರೆ ಮಾತನ್ನೂ ಹಿಡಿಯುತ್ತದಂತೆ. ನನಗೊಂದು ಮದುವೆ ಯಾಕೆ ಇಲ್ಲ ಎಂದು ಕನ್ನಡಿಯನ್ನು ದಿನಾ ಕೇಳುತ್ತಿದ್ದವಳು ನಾನೇ.

“ಮಮ್ಮಿಗೆ ಹೇಳುದಾ?” ಎಂದ ಸದು. ಹೇಳಲೆಂದೇ ಇಬ್ಬರೂ ಹೋದೆವು. ಅಮ್ಮ ಆಂಪಿನ ಎದುರು ನೆಲದಲ್ಲಿ ಕುಳಿತಿದ್ದರು, ಮಡಿಲಲ್ಲಿ ಕೆಂಪು ಸೀರೆ. “ಆಗ ನಿನಗೆ ಒಂದು ಒಳ್ಳೆಯ ಲಂಗ ಕೂಡ ಹೊಲಿಸಲಿಕ್ಕೆ ಆಗಲಿಲ್ಲ ಮಗಾ. ಇದು ಆದೀತಾ ನಿನಗೆ?” ಅಷ್ಟು ವರ್ಷ ಆ ಮಗುವಿನ ಹೆಸರನ್ನೇ ಎತ್ತದಿದ್ದ ಅಮ್ಮ. ಈಗ ನಿಜ ಹೇಳಿದರೆ ವನಜಕ್ಕ ಎರಡನೆಯ ಸಲ ಸಾಯುತ್ತಾಳೆ. ಸದು ಅಲ್ಲೇ ನಿಂತ. ನಾನು ಸದ್ದಿಲ್ಲದೆ ರೂಮಿಗೆ ಹೋಗಿ, ಗಿಟಾರಿನ ಮೇಲೆ ಬಗ್ಗಿ, “ಹೂಂ” ಎಂದೆ.

ಸ್ವಲ್ಪ ಹೊತ್ತಿಗೆ ಸದು ಬಂದ. “ಹೂಂ ಸಾಕಿತ್ತು ಅಕ್ಕ. ಮತ್ತೆ ‘ಅಪ್ಪೆ’ ಅಂತ ಕರೆದದ್ದು ಎಂತಕ್ಕೆ? ಮಮ್ಮಿ ಅಳ್ತಾ ಇದ್ದಾರೆ.”

ತುಳುವಿನಲ್ಲಿ ಅಮ್ಮನಿಗೆ ಅಪ್ಪೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಕರೆಯುವವರು ಯಾರೂ ಇರಲಿಲ್ಲ. ನನ್ನ ಕಾನ್ವೆಂಟಿನ ದೆಸೆಯಿಂದ ನಾವಿಬ್ಬರೂ ಮಮ್ಮಿ ಎನ್ನುವವರು.

“ನಾನು ಹೂಂ ಮಾತ್ರ ಹೇಳಿದ್ದು,” ಎಂದೆ.

ನಾವಿಬ್ಬರೂ ಗಿಟಾರನ್ನು ನೋಡಿದೆವು. ಸದು ಡಬ್ಬಿ ಕಿತ್ತು, ಮಂಚದಡಿಯಿಂದ ಹಳೆಯ ಕೇಬಲ್ ಎಳೆದು ಆಂಪಿಗೆ ಸಿಕ್ಕಿಸಿದ. ಗುಂಯ್ ಎಂಬ ಸದ್ದು ಮನೆ ತುಂಬಿತು. ಅದನ್ನು ಆಫ್ ಮಾಡು ಎಂದು ಅಮ್ಮನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಬದುಕಿದವರಿಗೆ ಮದುವೆ ಮಾಡದ ಆಟಿ ತಿಂಗಳಲ್ಲಿ ಈ ಮದುವೆ ನಡೆಯಿತು. ಒಂದು ಮಣೆಯ ಮೇಲೆ ಕೆಂಪು ಸೀರೆ, ಮಲ್ಲಿಗೆ, ಬಳೆ. ಇನ್ನೊಂದರ ಮೇಲೆ ವೇಷ್ಟಿ, ಶಾಲು. ಅಮ್ಮ ಸೀರೆಯ ನೆರಿಗೆ ಸರಿಪಡಿಸಿದ ಪರಿ ನೋಡಿದರೆ ಒಳಗೆ ಯಾರೋ ಕುಳಿತಿದ್ದಾರೆ ಎಂದೇ ಅನಿಸುತ್ತಿತ್ತು. ಅಡ್ಡಿ ನಿವಾರಣೆಯಾಯಿತು, ಇನ್ನು ನನಗೆ ವರಗಳ ಕ್ಯೂ ಎಂದು ಗಿರಿಜಕ್ಕ ಹೇಳಿದರು. ಕ್ಯೂ ಬರಲಿಲ್ಲ, ಒಬ್ಬನೂ ಬರಲಿಲ್ಲ. ಅರ್ಜಿ ಹಾಕಿದವಳು ನಾನು, ಮಂಜೂರಾದದ್ದು ವನಜಕ್ಕನಿಗೆ.

ಕಡಬದ ಮನೆಯವರು ಈಗಲೂ ಹಬ್ಬಕ್ಕೆ ಕರೆಯುತ್ತಾರೆ. ಮೊನ್ನೆ ಹೋದಾಗ ಅಲ್ಲಿಯ ಹಿರಿಯ ಸೊಸೆ ಎಲೆಗೆ ಪಾಯಸ ಬಡಿಸುತ್ತ, ಸಣ್ಣಗೆ ಆಕ್ಷೇಪಿಸುವ ದನಿಯಲ್ಲಿ, “ನಿಮ್ಮ ಅಕ್ಕನನ್ನು ನೋಡಿ, ಬಂದ ಮೇಲೆ ಒಂದು ದಿನ ತವರು ಅಂತ ಹೊರಟವಳಲ್ಲ,” ಎಂದರು. “ನೀವು ಎಂತ ಮಾರಾಯ್ರೆ, ಇನ್ನೂ ಅಲ್ಲೇ?”