ರಬ್ಬರ್ ಕಿವಿಗೆ ಏಳು ಕಲ್ಲಿನ ಓಲೆ

ಹೊಟ್ಟೆಪಾಡಿಗೆ ನಾನೇನು ಮಾಡುತ್ತೇನೆಂದು ಒಮ್ಮೆ ಬಾಯಿಬಿಟ್ಟರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಈ ಪರದೇಶದಲ್ಲಿ, ಲೊಂಬಾರ್ಡ್ ಎಂಬ ಊರಿನ ಒಂದು ಸಣ್ಣ ಲ್ಯಾಬಿನಲ್ಲಿ ಹೆಡ್‌ಫೋನುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ರೆಕಾರ್ಡಿಂಗಿನಲ್ಲಿರುವ ಹಾಡು ಇದ್ದ ಹಾಗೇ ಕಿವಿಗೆ ತಲುಪುತ್ತದೆಯೋ, ಇಲ್ಲ ಹೆಡ್‌ಫೋನು ತನ್ನ ಕಡೆಯಿಂದ ಒಂದಿಷ್ಟು ಉಪ್ಪು ಖಾರ ಸೇರಿಸುತ್ತದೆಯೋ ಎಂದು ನೋಡಬೇಕು. ನಮ್ಮ ಮಾವನವರು ಇದನ್ನು ಮೈಸೂರಿನ ನೆಂಟರಿಗೆ ಫೋನಿನಲ್ಲಿ ಒಂದೇ ಮಾತಿನಲ್ಲಿ ವಿವರಿಸುತ್ತಾರೆ: "ನಮ್ಮ ಅಳಿಯಂದ್ರು ದಿನವಿಡೀ ಹಾಡು ಕೇಳ್ತಾರೆ. ಅದಕ್ಕೂ ಇಲ್ಲಿ ಸಂಬಳ ಕೊಡ್ತಾರೆ!"

೧. ಕಾಣೆಯಾದ ಗಾಯಕಿ

ಪಕ್ಕದೂರು ಅರೋರಾದ ದೇವಸ್ಥಾನದ ಕ್ಯಾಂಟೀನಿನಲ್ಲಿ ಒಂದು ಭಾನುವಾರ ಪುಳಿಯೋಗರೆ ತಿನ್ನುತ್ತಿದ್ದೆ. ಎದುರಿಗೆ ಕೂತಿದ್ದ ಅಂಕಲ್ ಒಬ್ಬರು ನನ್ನ ಕೆಲಸ ಏನೆಂದು ಕೇಳಿದರು. ಹೇಳಿದೆ. ಅವರು ತಕ್ಷಣ ತಟ್ಟೆ ಪಕ್ಕಕ್ಕೆ ಸರಿಸಿ, "ದೇವರೇ ಕಳಿಸಿದ ಹಾಗಾಯ್ತು ನೋಡಿ. ನನ್ನ ಹೆಡ್‌ಫೋನಲ್ಲಿ ಪಿಟೀಲು ಬರತ್ತೆ, ಮೃದಂಗ ಬರತ್ತೆ, ಹಾಡೋರೇ ಬರಲ್ಲ. ಎರಡು ವರ್ಷದಿಂದ ಹೀಗೇ" ಅಂದರು.

ಆ ಸಂಜೆಯೇ ಅವರ ಮನೆಗೆ ಹೋದೆ. ಹಳೆಯ ಲ್ಯಾಪ್‌ಟಾಪು, ಅದಕ್ಕೆ ಸಿಕ್ಕಿಸಿದ ಹೆಡ್‌ಫೋನು. ಕಿವಿಗಿಟ್ಟರೆ ನಿಜವಾಗಿಯೂ ಗಾಯಕಿ ಇಲ್ಲ, ಪಕ್ಕವಾದ್ಯದವರು ಮಾತ್ರ ತಮ್ಮ ಪಾಡಿಗೆ ನುಡಿಸುತ್ತಿದ್ದಾರೆ. ಪಿನ್ನು ಪೂರ್ತಿ ಒಳಗೆ ಹೋಗಿರಲಿಲ್ಲ, ಅಷ್ಟೇ. ಅರ್ಧಕ್ಕೆ ನಿಂತರೆ ಎಡಬಲದ ಸದ್ದು ಒಂದನ್ನೊಂದು ತಿಂದುಹಾಕಿ, ನಡುಮಧ್ಯದಲ್ಲಿರುವ ಕಂಠ ಮಾಯವಾಗುತ್ತದೆ. ಒಂದು ಸಲ ಒತ್ತಿದೆ, ಟಕ್ ಅಂತು. ಗಾಯಕಿ ಬಂದರು.

ಅಂಕಲ್ ಎರಡು ನಿಮಿಷ ಕೇಳಿದರು. ಸಂತೋಷ ಪಡಬೇಕಿದ್ದ ಮುಖ ಬಾಡುತ್ತಾ ಹೋಯಿತು.

"ಏನಾಯ್ತು ಅಂಕಲ್?"

"ಎರಡು ವರ್ಷದಿಂದ ನಾನೇ ಹಾಡ್ಕೋತಿದ್ದೆ ಕಣಪ್ಪ. ಪಿಟೀಲಿನವರು, ಮೃದಂಗದವರು ಎಲ್ಲಾ ಚೆನ್ನಾಗಿ ಹೊಂದ್ಕೊಂಡಿದ್ರು. ಈಗ ಈಯಮ್ಮ ಮಧ್ಯೆ ಬಂದ್ರು" ಎಂದು ದನಿ ತಗ್ಗಿಸಿ, "ಮೊದಲಿನ ಹಾಗೇ ಮಾಡಿಕೊಟ್ಟು ಹೋಗು" ಅಂದರು.

೨. ಕಿರ್ರ್

ಹೆಡ್‌ಫೋನು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ತಿಳಿಯಲು ಒಂದು ತೊಡಕಿದೆ. ಹಾಡಿದ ದಿನ ಆ ಕೋಣೆಯಲ್ಲಿ ಅದು ಹೇಗಿತ್ತೆಂದು ನಮಗೆ ಗೊತ್ತಿರುವುದಿಲ್ಲ. ಅದಕ್ಕೇ ನಾನು ನನ್ನದೇ ಒಂದು ರೆಕಾರ್ಡಿಂಗ್ ಮಾಡಿಟ್ಟುಕೊಂಡಿದ್ದೇನೆ. ನಮ್ಮತ್ತೆ ಮೈಸೂರಿನಲ್ಲಿ ಮೂವತ್ತು ವರ್ಷ ಸಂಗೀತ ಪಾಠ ಹೇಳಿದವರು. ನಾಲ್ಕು ವರ್ಷದಿಂದ ಅತ್ತೆ ಮಾವ ನಮ್ಮ ಜೊತೆಯಲ್ಲೇ ಇದ್ದಾರೆ. ಪ್ರತಿ ಶನಿವಾರ ನಮ್ಮ ಬೇಸ್‌ಮೆಂಟಿನಲ್ಲಿ ಎಂಟು ಮಕ್ಕಳು ಅತ್ತೆಯ ಹತ್ತಿರ ಸರಳೆ ಕಲಿಯುತ್ತವೆ. ಕಳೆದ ನವರಾತ್ರಿಯಲ್ಲಿ ಅದೇ ಬೇಸ್‌ಮೆಂಟಿನಲ್ಲಿ ಅತ್ತೆ ಹಾಡಿದರು, ಲೊಂಬಾರ್ಡಿನ ಐಟಿ ಹುಡುಗನೊಬ್ಬ ಮೃದಂಗ ನುಡಿಸಿದ, ನಾನು ಎರಡು ಮೈಕಿಟ್ಟು ಹಿಡಿದುಕೊಂಡೆ.

ಡಿಯರ್‌ಬಾರ್ನಿನಲ್ಲಿ ನನಗೊಬ್ಬ ಹುಬ್ಬಳ್ಳಿಯ ಗೆಳೆಯ. ಕಾರಿನೊಳಗೆ ಎಲ್ಲಿಂದ ಕಿರ್ರ್ ಅನ್ನುತ್ತದೆ, ಎಲ್ಲಿಂದ ಕಟಕಟ ಅನ್ನುತ್ತದೆ ಎಂದು ಹುಡುಕಿ ನಿಲ್ಲಿಸುವ ಎಂಜಿನಿಯರ್ ಆತ. ಹೊಸ ಹೆಡ್‌ಫೋನು ಕೊಂಡ ಖುಷಿಗೆ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದ. ಅತ್ತೆಯ ಹಾಡು ಹಾಕಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಕೈ ಎತ್ತಿದ.

"ಎರಡನೇ ಹಾಡಿನ್ಯಾಗ ಕಿರ್ರ್ ಅಂತೈತಿ ನೋಡ. ಹೆಡ್‌ಫೋನ್ ಸುಮಾರ ಅದಾವ ದೋಸ್ತ, ವಾಪಸ್ ಕೊಡಬೇಕು."

"ಸುಮಾರಲ್ಲ ಮಾರಾಯಾ, ಭಾಳ ಒಳ್ಳೆಯದು. ಆ ಕಿರ್ರ್ ರೆಕಾರ್ಡಿಂಗಿನಲ್ಲೇ ಇದೆ. ಅಗ್ಗದ ಹೆಡ್‌ಫೋನಿನಲ್ಲಿ ಕೇಳಿಸೋದಿಲ್ಲ."

ಅವನು ನನ್ನನ್ನು ಕನಿಕರದಿಂದ ನೋಡಿದ. "ನಮ್ಮಲ್ಲಿ ಕಿರ್ರ್ ಅಂದ್ರ ನನಗ ಬೈತಾರ. ನಿಮ್ಮಲ್ಲಿ ಕಿರ್ರ್ ಕೇಳಿದ್ರ ಶಾಬಾಸ್ ಅಂತಾರೇನ?"

ಆಮೇಲೆ ವೃತ್ತಿಯ ಚಟ ಬಿಡಲಿಲ್ಲ. ಕಣ್ಣು ಮುಚ್ಚಿ ಹತ್ತು ಸಲ ಕೇಳಿ ತೀರ್ಪು ಕೊಟ್ಟ: "ಮಡಚೋ ಕುರ್ಚಿ. ಹಿಂದಿನ ಸಾಲು, ಬಲಗಡಿ. ಕುಂತಾವಾ ಒಂದ್ ಕಡೆ ಕುಂಡ್ರವಲ್ಲ, ಹೊಳ್ಳಾಡಾಕತ್ತಾನ. ಯಾರವಾ ದಡ್ಡ?"

ನಾನು ಆ ದಿನದ ಫೋಟೊ ತೆಗೆದು ತೋರಿಸಿದೆ. ಹಿಂದಿನ ಸಾಲಿನ ಬಲಗಡೆಯಲ್ಲಿ, ಮಡಚುವ ಕುರ್ಚಿಯ ಮೇಲೆ, ಅವನೇ ಕೂತಿದ್ದ.

೩. ಹೇಳಿದ್ದು ಕೇಳುವವನು

ಜನವರಿಯಲ್ಲಿ ಚಳಿ ಸೊನ್ನೆ ಫ್ಯಾರನ್‌ಹೀಟಿಗಿಂತ ಕೆಳಗಿಳಿದಾಗ ಬಾಸ್ ಎಲ್ಲರಿಗೂ ಮನೆಯಿಂದಲೇ ಕೆಲಸ ಮಾಡಿ ಅಂದರು. ನಾನು ಪರೀಕ್ಷೆಗೆ ಬೇಕಾದ ತಲೆಯನ್ನು ಸೀಟ್ ಬೆಲ್ಟ್ ಹಾಕಿ ಮನೆಗೆ ಕರೆತಂದೆ. ತಲೆ ಎಂದರೆ ನಿಜವಾಗಿಯೂ ತಲೆಯೇ. ಕಣ್ಣಿಲ್ಲ, ಬಾಯಿಲ್ಲ, ಮೆತ್ತನೆಯ ಎರಡು ರಬ್ಬರ್ ಕಿವಿಗಳು ಮಾತ್ರ ಥೇಟ್ ಮನುಷ್ಯರದೇ. ಕಿವಿಯೊಳಗೆ ಮೈಕು. ಅದಕ್ಕೆ ಹೆಡ್‌ಫೋನು ತೊಡಿಸಿದರೆ ಒಳಗೆ ಬಿದ್ದ ಸದ್ದು ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತದೆ.

ಅತ್ತೆ ಬಾಗಿಲು ತೆರೆದವರು ಅದನ್ನು ಮೇಲಿಂದ ಕೆಳಗೆ ನೋಡಿ, "ಒಳಗೆ ಕರ್ಕೊಂಡ್ ಬನ್ನಿ, ಪಾಪ, ಟೋಪೀನೂ ಇಲ್ಲ" ಅಂದರು.

ಎರಡೇ ದಿನಕ್ಕೆ ಅದು ಮನೆಯವನಾಯಿತು. ಒಂದು ಮಧ್ಯಾಹ್ನ ನಾನು ಮೈಕು ಆರಿಸುವುದನ್ನು ಮರೆತು ಮಹಡಿಯ ಮೇಲೆ ಮೀಟಿಂಗಿಗೆ ಕೂತೆ. ಅತ್ತೆ ಊಟದ ಮೇಜಿನಲ್ಲಿ ಅವನೆದುರು ಕೂತು ಅವರೆಕಾಳು ಹಿಸುಕುತ್ತಾ ಮಾತಾಡಿದ್ದಾರೆ. ಸಂಜೆ ನೋಡಿದರೆ ನಲವತ್ತು ನಿಮಿಷದ ರೆಕಾರ್ಡಿಂಗ್. ಅಳಿಯ ಏಳುವುದು ಎಷ್ಟು ಗಂಟೆಗೆ, ಒದ್ದೆ ಟವೆಲ್ಲನ್ನು ಎಲ್ಲಿ ಎಸೆಯುತ್ತಾನೆ, ಸಾರಿಗೆ ಮೊಸರು ಬೆರೆಸಿ ತಿನ್ನುವುದು ಯಾವ ಊರಿನ ಸಂಪ್ರದಾಯ, ಎಲ್ಲವೂ ಎರಡೂ ಕಿವಿಯಲ್ಲಿ ಅಚ್ಚುಕಟ್ಟಾಗಿ ದಾಖಲಾಗಿತ್ತು. ಕೊನೆಯಲ್ಲಿ ಒಂದು ನಿಟ್ಟುಸಿರು, ಆಮೇಲೆ ಅತ್ತೆಯ ದನಿ: "ಈ ಮನೇಲಿ ನಾನು ಹೇಳಿದ್ದನ್ನ ಕೇಳೋನು ನೀನೊಬ್ಬನೇ ಕಣಪ್ಪ."

೪. ಮೃದಂಗದ ಎಡಗಡೆ

ಯುಗಾದಿಗೆ ಅತ್ತೆಗೊಂದು ಒಳ್ಳೆಯ ಹೆಡ್‌ಫೋನು ಕೊಟ್ಟೆ. ರಬ್ಬರ್ ತಲೆಯ ಮೇಲೆ ನಾನೇ ಪರೀಕ್ಷಿಸಿದ್ದು, ಗೆರೆ ಹಪ್ಪಳದ ಹಲಗೆಯಷ್ಟು ಸಪಾಟಾಗಿ ಬಂದಿತ್ತು, ಅಂದರೆ ಯಾವ ಸದ್ದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅತ್ತೆ ತಮ್ಮದೇ ನವರಾತ್ರಿಯ ಹಾಡು ಹಾಕಿಕೊಂಡು ಕೇಳಿ, ಹುಬ್ಬು ಗಂಟಿಕ್ಕಿದರು.

"ಮೃದಂಗ ಬಲಗೈಲಿ ಮಾತ್ರ ಬಡೀತಿದಾನೆ. ಎಡಗಡೆಯ ಗುಂ ಅನ್ನೋ ನಾದ ಎಲ್ಲಿ ಹೋಯ್ತು?"

"ಎಲ್ಲಾ ಇದೆ ಅತ್ತೆ, ಗ್ರಾಫ್ ನೋಡಿ."

"ನಾನು ಕಿವೀಲಿ ಕೇಳ್ತೀನಿ ಅಳಿಯಂದ್ರೇ. ನೀವು ಕಣ್ಣಲ್ಲಿ ಕೇಳ್ತೀರಿ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಬದುಕುತ್ತಿದ್ದೆ. "ಎಪ್ಪತ್ತು ದಾಟಿದ ಮೇಲೆ ಕಿವಿ ಸ್ವಲ್ಪ ಮಂದ ಆಗೋದು ಸಹಜ ಅತ್ತೆ" ಅಂದುಬಿಟ್ಟೆ. ವಯಸ್ಸಾದಾಗ ಮೊದಲು ಹೋಗುವುದು ಕೀರಲು ಸದ್ದು, ಗುಂ ನಾದವಲ್ಲ. ಇದು ನನ್ನ ಕಸುಬಿನ ಮೊದಲ ಪಾಠ. ಗೊತ್ತಿದ್ದೂ ಅಂದೆ, ವಾದ ಗೆಲ್ಲುವ ಹಟಕ್ಕೆ.

ಅತ್ತೆ ಹಾಡು ನಿಲ್ಲಿಸಿದರು. ಹೆಡ್‌ಫೋನು ಮಡಚಿ ಪೆಟ್ಟಿಗೆಗಿಟ್ಟರು. ಆ ಶನಿವಾರ ಎಂಟು ಮಕ್ಕಳ ಮನೆಗೂ ಫೋನ್ ಮಾಡಿ ಪಾಠವಿಲ್ಲ ಅಂದರು. "ಕಿವಿ ಕೆಟ್ಟೋಳು ಮಕ್ಕಳ ಶ್ರುತಿ ಏನು ತಿದ್ದಲಿ? ಅಪಸ್ವರ ಕಲಿಸಿದ ಪಾಪ ಯಾಕೆ ಕಟ್ಕೊಳ್ಳಲಿ?" ಬೇಸ್‌ಮೆಂಟು ಮೂಕವಾಯಿತು. ನನ್ನ ಮಗಳು ಅಜ್ಜಿಯ ಕೋಣೆಯಿಂದ ಬಂದು, "ದಟ್ ವಾಸ್ ಸೋ ಮೀನ್, ಅಪ್ಪ" ಎಂದು ನನ್ನೊಡನೆ ಮಾತು ಬಿಟ್ಟಳು. ಹೆಂಡತಿ ಮಾತು ಬಿಡಲಿಲ್ಲ, ಮೂರು ದಿನ ಮೂರು ಹೊತ್ತೂ ಉಪ್ಪಿಟ್ಟು ಮಾಡಿದಳು. ಉಪ್ಪಿಟ್ಟಿಗಿಂತ ಹೆಚ್ಚಾಗಿ, ಅತ್ತೆ ಬೆಳಿಗ್ಗೆ ಕಾಫಿ ಸೋಸುವಾಗ ಗುನುಗುವುದನ್ನೂ ನಿಲ್ಲಿಸಿದ್ದು ನನ್ನನ್ನು ಚುಚ್ಚಿತು.

ನಾಲ್ಕನೆಯ ದಿನ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡುವ ಹೆಂಗಸು ದೊಡ್ಡ ಹೆಡ್‌ಫೋನು ಕೈಗೆತ್ತಿಕೊಂಡವಳು, ಅತ್ತೆಯ ಏಳು ಕಲ್ಲಿನ ವಜ್ರದ ಓಲೆ ನೋಡಿ ಕೆಳಗಿಟ್ಟಳು. ಕಿವಿಯೊಳಗೆ ತೂರಿಸುವ ಸಣ್ಣದನ್ನು ತೆಗೆದುಕೊಂಡು, "ಇಂಥ ಓಲೆ ಇದ್ದರೆ ದೊಡ್ಡದು ಸರಿಯಾಗಿ ಕೂರುವುದಿಲ್ಲ. ಸಂದಿಯಿಂದ ಸದ್ದು ಸೋರುತ್ತದೆ" ಎಂದು ಇಂಗ್ಲಿಷಿನಲ್ಲಿ ನನಗೆ ಪಾಠ ಹೇಳಿದಳು. ನನಗೆ! ಸೋರುವಾಗ ಮೊದಲು ಸೋರುವುದು ಯಾವುದು? ಮೃದಂಗದ ಎಡಗಡೆಯ ನಾದವೇ. ಇಷ್ಟು ವರ್ಷದ ಕಸುಬು, ನನ್ನ ರಬ್ಬರ್ ತಲೆಗೆ ಓಲೆ ಇಲ್ಲವೆಂಬುದೇ ನನಗೆ ಹೊಳೆದಿರಲಿಲ್ಲ.

ಅತ್ತೆಯ ಕಿವಿ ಐವತ್ತರವರ ಹಾಗಿದೆ ಎಂದು ಬರೆದುಕೊಟ್ಟಳು. ಕಾರಿನಲ್ಲಿ ಅತ್ತೆ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗಿಟ್ಟರು. ಆಮೇಲೆ ತಣ್ಣಗೆ ಅಂದರು: "ನನ್ನ ಕಿವಿ ಆಯ್ತಲ್ಲ. ಇನ್ನೊಂದು ದಿನ ಆ ಹೆಡ್‌ಫೋನನ್ನೂ ಡಾಕ್ಟರ ಹತ್ರ ಕರ್ಕೊಂಡ್ ಹೋಗಿಬನ್ನಿ."

೫. ಕಿವಿ ಚುಚ್ಚುವ ಶಾಸ್ತ್ರ

ಅನುಮಾನವೇನೋ ಬಂತು, ಖಾತ್ರಿಯಾಗಬೇಕಲ್ಲ. "ಅತ್ತೆ, ಒಂದೇ ನಿಮಿಷ ಓಲೆ ತೆಗೆದು ಕೇಳಿ ನೋಡ್ತೀರಾ?" ಎಂದು ಕೇಳಿದ್ದೇ ತಪ್ಪಾಯಿತು.

"ನಿಮ್ಮ ಮಾವ ಕಲ್ಲುಗುಂಡಿನ ಹಾಗೆ ಅಲ್ಲಿ ಕೂತಿರೋವಾಗ ಓಲೆ ತೆಗೀಬೇಕಾ ನಾನು?"

ಮಾವನವರು ಪೇಪರಿನ ಹಿಂದಿನಿಂದ, "ಒಂದು ನಿಮಿಷಕ್ಕೆ ನನಗೇನೂ ಆಗಲ್ಲ, ತೆಗಿಯೇ" ಅಂದರು.

"ನೀವು ಸುಮ್ನಿರಿ. ನಿಮಗೇನು ಗೊತ್ತು ನಿಮ್ಮ ಆಯಸ್ಸಿನ ವಿಷಯ?"

ಉಳಿದದ್ದು ಒಂದೇ ದಾರಿ. ರಬ್ಬರ್ ತಲೆಗೇ ಓಲೆ ಹಾಕಬೇಕು. ಶುಕ್ರವಾರ ಅವನನ್ನು ಲ್ಯಾಬಿನಿಂದ ಮತ್ತೆ ಮನೆಗೆ ಕರೆತಂದೆ. ಹೆಂಡತಿಯ ಹತ್ತಿರ ಅಂಥದೇ ಜೋಡಿ ಇತ್ತು, ಮದುವೆಯಲ್ಲಿ ಅತ್ತೆಯೇ ಕೊಟ್ಟದ್ದು. ಅವಳು ಪೆಟ್ಟಿಗೆಯ ತಳದಿಂದ ತೆಗೆಯುವುದನ್ನು ನೋಡಿ ಅತ್ತೆ, "ಓಹೋ, ಇಲ್ಲಿ ಮಲಗಿಸಿದೀಯಾ ಇದನ್ನ" ಅಂದರು. ಉಪ್ಪಿಟ್ಟಿನ ಸೇಡು ತೀರಿದಷ್ಟು ಸಮಾಧಾನ ನನಗಾಯಿತು.

ಆದರೆ ಓಲೆ ಹಾಕಲು ಕಿವಿ ಚುಚ್ಚಬೇಕು. ಆಫೀಸಿನ ಕಿವಿ. ನಾನು ಸೂಜಿ ಹಿಡಿದು ನಿಂತಾಗ ಅತ್ತೆ ತಡೆದರು.

"ಹಾಗೆಲ್ಲಾ ಚುಚ್ಚಬಾರದು. ಸೋದರಮಾವನ ತೊಡೆ ಮೇಲೆ ಕೂರಿಸ್ಕೋಬೇಕು."

ವಾರಾಂತ್ಯಕ್ಕೆಂದು ಡಿಯರ್‌ಬಾರ್ನಿನಿಂದ ಬಂದಿದ್ದ ಗೆಳೆಯ ಸೋಫಾದಿಂದ ಎದ್ದ. ಅವನು ನನ್ನ ಹೆಂಡತಿಯನ್ನು ಮೊದಲಿನಿಂದಲೂ ತಂಗಿ ಎಂದೇ ಕರೆಯುವುದು. "ನಾ ಇಲ್ಲೇನ್ರೀ ಅತ್ತಿಯವ್ರ? ತರ್ರಿ ಹುಡುಗನ್ನ" ಎಂದು ಚಕ್ಕಂಬಕ್ಕಳ ಹಾಕಿ ಕೂತ. ತಲೆಯನ್ನು ಅವನ ತೊಡೆಗೆ ಕೊಟ್ಟೆವು. ಮಗಳು ಅರಿಶಿನ ಕುಂಕುಮ ತಂದಳು, ಅವಳ ಇನ್ನೊಂದು ಕೈಯಲ್ಲಿ ಫೋನು, ವಿಡಿಯೊ ಓಡುತ್ತಿತ್ತು. ಅತ್ತೆ ಎರಡೂ ಕಿವಿಗೆ ಕುಂಕುಮದ ಚುಕ್ಕೆಯಿಟ್ಟು ಅಲ್ಲಿಗೇ ಸರಿಯಾಗಿ ಚುಚ್ಚಿದರು. "ಅಳಲೇ ಇಲ್ಲ ನೋಡ್ರಿ, ಗಟ್ಟಿ ಕೂಸು!" ಅಂದ ಗೆಳೆಯ. ಮಾವನವರು ಅದರ ಮೇಲೆ ಎರಡು ಅಕ್ಷತೆಯ ಕಾಳು ಹಾಕಿ ಮತ್ತೆ ಪೇಪರ್ ಹಿಡಿದರು.

ಓಲೆ ತೊಡಿಸಿ, ಹೆಡ್‌ಫೋನು ಹಾಕಿ ಅಳೆದೆ. ಹಪ್ಪಳದ ಹಲಗೆಯಂತಿದ್ದ ಗೆರೆ ತಗ್ಗು ನಾದ ತೋರಿಸುವ ಎಡತುದಿಯಲ್ಲಿ ಜಾರುಬಂಡೆಯಾಗಿ ಇಳಿದಿತ್ತು. ಗುಂ ನಾದ ಸೋರಿ ಹೋಗುತ್ತಿತ್ತು. ನಾನು ಎಲ್ಲರೆದುರಿಗೇ ಕೈಮುಗಿದೆ. "ನಿಮ್ಮ ಕಿವಿಯೇ ಸರಿ ಅತ್ತೆ. ಆಡಬಾರದ ಮಾತು ಆಡಿದೆ, ತಪ್ಪಾಯಿತು." ಅತ್ತೆ ಫೋನ್ ತೆಗೆದುಕೊಂಡು ಮಕ್ಕಳ ತಾಯಂದಿರಿಗೆ ಶನಿವಾರದಿಂದ ಪಾಠವಿದೆ ಎಂದು ಹೇಳತೊಡಗಿದರು. ನನಗೆ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಲು ಹೋಗಿ ರಬ್ಬರ್ ಕಿವಿಯ ಕುಂಕುಮ ಒರೆಸಿದೆ.

ಸೋಮವಾರ ಬಾಸ್‌ಗೆ ಎರಡು ಗ್ರಾಫನ್ನೂ, ತೂತಾದ ಕಿವಿಯನ್ನೂ ಒಟ್ಟಿಗೇ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಇದನ್ನು ಕಂಡುಹಿಡಿದವರು ಯಾರು ಎಂದು ಕೇಳಿದರು. ಅತ್ತೆ ಅಂದೆ. ಮರುದಿನ ಆರು ಬಗೆಯ ಹೆಡ್‌ಫೋನುಗಳ ಡಬ್ಬ ನನ್ನ ಕೈಗಿತ್ತು, "ಇವುಗಳ ಬಗ್ಗೆ ಅವರೇನು ಹೇಳುತ್ತಾರೋ ಕೇಳಿ ಬಾ" ಅಂದರು.

ಅತ್ತೆ ಮಡಿಸೀರೆಯ ಗತ್ತಿನಲ್ಲಿ ಊಟದ ಮೇಜಿಗೆ ಕೂತರು. ಪಕ್ಕದಲ್ಲಿ ಡಬ್ಬದ ಜೊತೆಗೇ ಮತ್ತೆ ಮನೆಗೆ ಬಂದ, ಓಲೆ ತೊಟ್ಟ ರಬ್ಬರ್ ತಲೆ. ಒಂದು, ಎರಡು, ಮೂರು ಬದಿಗೆ ಹೋದವು. ನಾಲ್ಕನೆಯದರ ಮೆತ್ತೆ ದಪ್ಪ, ಬೆಣ್ಣೆಯ ಹಾಗೆ ಮೆತ್ತಗೆ, ಓಲೆಯ ಸುತ್ತ ಸಂದಿಯಿಲ್ಲದೆ ಕೂತಿತು. ನವರಾತ್ರಿಯ ಹಾಡು ಹಾಕಿದೆ. ಅತ್ತೆಯ ಮುಖ ಅರಳಿತು. "ಬಂತು! ಎಡಗಡೆ ಪೂರ್ತಿ ಬಂತು. ಹುಡುಗ ಎಷ್ಟು ಚೆನ್ನಾಗಿ ನುಡಿಸಿದಾನೆ!"

ಎರಡನೆಯ ಹಾಡಿಗೆ ಆ ನಗು ನಿಂತುಬಿಟ್ಟಿತು. ಮತ್ತೊಮ್ಮೆ ಹಾಕಿಸಿದರು. ಮಗದೊಮ್ಮೆ.

"ನನ್ನ ಗಾಂಧಾರ ಒಂದು ಕೂದಲೆಳೆ ಇಳಿದಿದೆ" ಅಂದರು ಮೆಲ್ಲಗೆ. "ಇದು ಹೆಡ್‌ಫೋನಿಂದ್ ತಪ್ಪಾ ಅಳಿಯಂದ್ರೇ, ನಂದಾ?"

ಅಡುಗೆಮನೆಯಲ್ಲಿ ಹೆಂಡತಿಯ ಸೌಟು ನಿಂತಿತು. ಮಗಳು ನನ್ನನ್ನೇ ನೋಡಿದಳು. ಮಾವನವರು ಪೇಪರನ್ನು ಮುಖದ ಮೇಲಕ್ಕೆ ಏರಿಸಿದರು. ನವರಾತ್ರಿಯ ದಿನ ನಾನೂ ಅಲ್ಲೇ ಇದ್ದೆ, ನನಗೆ ಉತ್ತರ ಗೊತ್ತಿತ್ತು. ಈ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಲೆಂದೇ ನನಗೆ ಸಂಬಳ ಕೊಡುತ್ತಾರೆ.

"ಹೆಡ್‌ಫೋನಿಂದೇ ಅತ್ತೆ" ಅಂದೆ.

"ಹೌದೇ, ಹೆಡ್‌ಫೋನಿಂದೇ" ಅಂದರು ಮಾವನವರು ಪೇಪರಿನ ಹಿಂದಿನಿಂದ.

ಅತ್ತೆ ಹೆಡ್‌ಫೋನು ತೆಗೆದು ರಬ್ಬರ್ ತಲೆಗೆ ತೊಡಿಸಿ, ಅದರ ಎಡಗಿವಿಯ ಓಲೆ ನೇರ ಮಾಡಿದರು.

"ಸುಳ್ಳು. ನನ್ನ ಕಿವಿ ಚೆನ್ನಾಗಿದೆ ಅಂತ ಬರೆದುಕೊಟ್ಟಿದಾರೆ, ಗಾಂಧಾರ ತಗ್ಗಿರೋದು ನಂದೇ. ಈ ಮನೇಲಿ ಸುಳ್ಳು ಹೇಳದೆ ಇರೋನು ಇವನೊಬ್ಬನೇ" ಎಂದು ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಯ ಕಡೆ ತಿರುಗಿ, "ಆ ಓಲೆ ಇನ್ನು ಇವನಿಗೇ ಇರಲಿ ಬಿಡು" ಅಂದರು.