ನಮ್ಮ ದೊಡ್ಡಮ್ಮನನ್ನು ದಯವಿಟ್ಟು ಇಳಿಸಿ

ಶೇರ್ ಟ್ಯಾಕ್ಸಿಯ ಆ್ಯಪ್‌ನೊಳಗೆ ಕುಳಿತು ಯಾರು ಯಾರ ಪಕ್ಕ ಕೂರಬೇಕು, ಯಾರು ಮೊದಲು ಇಳಿಯಬೇಕು ಎಂದು ತೀರ್ಮಾನಿಸುವ ಘನ ಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಸರ್ವರ್‌ಗಳು ತಂಪಾಗಿಯೂ ತಮ್ಮ ನಕ್ಷೆಗಳು ಕ್ಷೇಮವಾಗಿಯೂ ಇವೆಯೆಂದು ನಂಬಿ, ಮೊದಲಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಕಳೆದ ಗುರುವಾರ ಬೆಳಿಗ್ಗೆಯಿಂದ ಈವರೆಗೆ ತಾವು ಹದಿನೇಳು ಸಲ ‘ಪ್ರಯಾಣ ಹೇಗೆ ಸಾಗುತ್ತಿದೆ?’ ಎಂದು ನನ್ನ ಫೋನಿನಲ್ಲಿ ವಿಚಾರಿಸಿದ್ದೀರಿ. ಬಂಧುಗಳೂ ಇಷ್ಟು ಕಾಳಜಿ ತೋರಿದ್ದಿಲ್ಲ. ಉತ್ತರ ಕೊಡದಿರುವುದು ಅಸಭ್ಯತೆಯಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ದೊಡ್ಡಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇಬ್ಬರು ಮಾತಾಡುವ ಲೈನಿನಲ್ಲಿ ಮೂರನೆಯವರು ನುಸುಳಿದರೆ ಅವರ ಕಾಲದಲ್ಲಿ ಅದನ್ನು ತಪ್ಪು ಎಂದು ಕರೆದು ಕ್ಷಮೆ ಕೇಳುತ್ತಿದ್ದರು. ತಾವು ಅದನ್ನೇ ಸೇವೆ ಎಂದು ಕರೆದು ಜಾಹೀರಾತು ಹಾಕಿಸಿದ್ದೀರಿ. ಕಾಲ ಮುಂದುವರಿದಿದೆ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ದೊಡ್ಡಮ್ಮನ ಮಾತು ಹೋಯಿತು. ಉಳಿದದ್ದು ಅಂಕಿಗಳು ಮಾತ್ರ. ಹಸಿವೆಯೇ ಎಂದು ಕೇಳಿದರೆ ‘ನಾಲ್ಕು’ ಎನ್ನುತ್ತಾರೆ. ಸಿಟ್ಟು ಬಂದರೆ ಅಂಕಿ ದೊಡ್ಡದಾಗುತ್ತದೆ, ಅಷ್ಟೇ. ಮಾತು ಕಲಿಸುವ ಡಾಕ್ಟರು ಅವರನ್ನು ಗುರುವಾರ ಹತ್ತೂವರೆಗೆ ಪರೀಕ್ಷೆಗೆ ಕರೆದಿದ್ದರು. ಯಾರೂ ಹೇಳಿಕೊಡದೆ ಸ್ವಂತವಾಗಿ ಒಂದೇ ಒಂದು ಪೂರ್ತಿ ವಾಕ್ಯ ಹೇಳಿದರೆ ಪಾಠ ಮುಂದುವರಿಯುತ್ತದೆ. ಇಲ್ಲವಾದರೆ ಅವರ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ.

ಆಸ್ಪತ್ರೆ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿ ಎಂದು ನಾವು ಅಜ್ಞಾನದಿಂದ ತಿಳಿದಿದ್ದೆವು. ಒಂಬತ್ತೂವರೆಗೆ ಹತ್ತಿಸಿಕೊಂಡ ತಾವು ಆ ಅಜ್ಞಾನವನ್ನು ಹಂತಹಂತವಾಗಿ ಹೋಗಲಾಡಿಸಿದಿರಿ. ಮೊದಲು ಒಂದು ಅಪಾರ್ಟ್‌ಮೆಂಟಿನ ಗೇಟಿನ ಮುಂದೆ, ಅಲ್ಲಿಂದ ಬರಬೇಕಿದ್ದ ಮಹನೀಯರು ಫೋನಿನಲ್ಲಿ ‘ಎರಡೇ ನಿಮಿಷ, ಲಿಫ್ಟಲ್ಲಿದೀನಿ’ ಎಂದಿದ್ದನ್ನು ಗೌರವಿಸಿ ಹನ್ನೊಂದು ನಿಮಿಷ ನಿಲ್ಲಿಸಿದಿರಿ. ಅವರು ಒದ್ದೆ ತಲೆಯಲ್ಲಿ ಬಂದು ಮುಂದಿನ ಸೀಟಿನಲ್ಲಿ ಕೂತರು. ದೊಡ್ಡಮ್ಮ ‘ಹನ್ನೊಂದು’ ಎಂದರು. ಆಮೇಲೆ ಮೂರಂತಸ್ತಿನ ಮದುವೆ ಕೇಕನ್ನು ಮಡಿಲಲ್ಲಿಟ್ಟುಕೊಂಡ ಬೇಕರಿಯಾಕೆಯನ್ನು ದೊಡ್ಡಮ್ಮನ ಬಲಕ್ಕೆ ಕೂರಿಸಿದಿರಿ. ಆಕೆ ಒಳ್ಳೆಯವರು, ರಸ್ತೆಯ ಪ್ರತಿ ಉಬ್ಬಿಗೂ ‘ಅಣ್ಣಾ ಮೆಲ್ಲಗೆ, ನಿನ್ಗೆ ಕೈ ಮುಗೀತೀನಿ, ಮೇಲಿನ ಮಹಡಿ ವಾಲ್ತಿದೆ’ ಎಂದು ಕೂಗುತ್ತಿದ್ದುದರಿಂದ ಟ್ಯಾಕ್ಸಿ ಎತ್ತಿನಗಾಡಿಯ ಘನತೆಯಿಂದ ಸಾಗಿತು.

ಹತ್ತೂ ಇಪ್ಪತ್ತೆರಡಕ್ಕೆ ಆಸ್ಪತ್ರೆಯ ಗೇಟು ಎಡಗಡೆ ಬಂತು, ಹೋಯಿತು. ನಾನು ಡ್ರೈವರನ್ನು ಕೇಳಿದೆ. ‘ಏನ್ ಮಾಡ್ಲಿ ಮೇಡಂ, ಲಿಸ್ಟಲ್ಲಿ ಕೇಕ್ ಫಸ್ಟು, ಸಾರ್ ಸೆಕೆಂಡು, ನೀವು ಥರ್ಡು. ಮೀರಿದ್ರೆ ಇದು ನನ್ನ ತಿಥಿ ಮಾಡುತ್ತೆ’ ಎಂದು ಅವರು ಮುಂದೆ ಸಿಕ್ಕಿಸಿದ್ದ ಫೋನನ್ನು, ಅಂದರೆ ಸಾಕ್ಷಾತ್ ತಮ್ಮನ್ನೇ, ಭಯಭಕ್ತಿಯಿಂದ ತೋರಿಸಿದರು. ದೊಡ್ಡಮ್ಮ ‘ಇಪ್ಪತ್ತೆಂಟು’ ಎಂದರು. ಏಕಮುಖ ರಸ್ತೆಗಳನ್ನು ಸುತ್ತಿ ಅದೇ ಗೇಟಿನ ಮುಂದೆ ಎರಡನೆಯ ಸಲ ಹಾದುಹೋಗುವಂತೆ ತಾವು ದಾರಿ ಹಾಕಿದ್ದು ಹತ್ತೂ ನಲವತ್ತೊಂದಕ್ಕೆ. ಆ ಕ್ಷಣವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ದೊಡ್ಡಮ್ಮ ಊರುಗೋಲಿನಿಂದ ಮುಂದಿನ ಸೀಟಿಗೆ ಒಂದು ಬಿಟ್ಟು, ‘ಏಯ್, ಗೇಟು ಹಿಂದೆ ಹೋಯ್ತಲ್ಲೋ, ಇಲ್ಲೇ ಇಳಿಸೋ ನಮ್ಮನ್ನ!’ ಎಂದರು.

ಡ್ರೈವರು ಬ್ರೇಕು ಹಾಕಿದರು. ಕೇಕು ವಾಲಿತು. ಬೇಕರಿಯಾಕೆ ಅದನ್ನು ನೋಡಲೂ ಇಲ್ಲ, ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆ.

ಎಂಟು ತಿಂಗಳು ತಜ್ಞರಿಂದ ಆಗದ್ದನ್ನು ಎಪ್ಪತ್ತೊಂದು ನಿಮಿಷದಲ್ಲಿ ಸಾಧಿಸಿದ ತಮ್ಮನ್ನು ಹೇಗೆ ಹೊಗಳಲಿ! ಆದರೆ ನಾವು ಮೆಟ್ಟಿಲು ಹತ್ತಿ ಮುಟ್ಟುವಷ್ಟರಲ್ಲಿ ನಮ್ಮ ಹೊತ್ತು ಮೀರಿ, ಒಳಗೆ ಬೇರೆಯವರು ಕೂತಿದ್ದರು. ದೊಡ್ಡಮ್ಮ ದಣಿದು ಮತ್ತೆ ‘ನಾಲ್ಕು’ಕ್ಕೆ ಮರಳಿದ್ದರು. ಡಾಕ್ಟರು ಒಳ್ಳೆಯವರೇ. ‘ನಂಬ್ತೀನಮ್ಮ, ಆದ್ರೆ ಕೇಳದೆ ಹೇಗೆ ಬರೀಲಿ? ಬರೋ ಗುರುವಾರದೊಳಗೆ ಏನಾದ್ರೂ ರೆಕಾರ್ಡಿಂಗ್ ಇದ್ರೆ ತನ್ನಿ, ಅಲ್ಲೀವರೆಗೆ ಪಟ್ಟಿಯಿಂದ ಹೆಸರು ಹೊಡೆದುಹಾಕಲ್ಲ’ ಎಂದರು.

ಆಗ ತಮ್ಮ ದೂರದೃಷ್ಟಿ ನೆನಪಾಯಿತು. ಟ್ಯಾಕ್ಸಿಯ ಬಾಗಿಲಿನ ಮೇಲೆ ‘ನಿಮ್ಮ ಸುರಕ್ಷತೆಗಾಗಿ ಇಲ್ಲಿನ ಮಾತುಗಳನ್ನು ರೆಕಾರ್ಡ್ ಮಾಡಲಾಗುತ್ತದೆ’ ಎಂದು ಬರೆದಿತ್ತು. ಅರ್ಧ ನಿಮಿಷದ ಆ ತುಣುಕನ್ನು ಬೇಡಿದೆ. ‘ಪ್ರಯಾಣ ಮುಗಿದ ನಂತರ ಮಾತ್ರ ಕೊಡಲಾಗುವುದು, ತಮ್ಮ ಪ್ರಯಾಣ ಇನ್ನೂ ಜಾರಿಯಲ್ಲಿದೆ’ ಎಂದು ತಾವು ಉತ್ತರಿಸಿದಿರಿ.

ವಿಚಾರಿಸಿ ತಿಳಿದದ್ದು ಇಷ್ಟು. ನಮ್ಮನ್ನು ಇಳಿಸಿದ ಡ್ರೈವರು ‘ಇಳಿಸಿದೆ’ ಎಂಬ ಗುಂಡಿ ಒತ್ತಿದರು. ಪಟ್ಟಿಯಲ್ಲಿ ಮೊದಲಿದ್ದದ್ದು ಕೇಕು. ಹಾಗಾಗಿ ತಮ್ಮ ದಾಖಲೆಯಲ್ಲಿ ಆಸ್ಪತ್ರೆಯ ಗೇಟಿನಲ್ಲಿ ಇಳಿದದ್ದು ಕೇಕು. ಇಳಿದುಹೋದ ಕೇಕನ್ನು ಅವರು ಮದುವೆ ಮನೆಗೆ ಒಯ್ಯುತ್ತಿದ್ದಾಗ, ದಾರಿ ತಪ್ಪಿದ ಅಪರಾಧಕ್ಕೆ ತಾವು ಅವರ ಖಾತೆಯನ್ನೇ ಮುಚ್ಚಿದಿರಿ. ಮುಚ್ಚಿದ ಖಾತೆಯಲ್ಲಿ ನಾವು ಇಳಿಯದ ಪ್ರಯಾಣಿಕರಾಗಿ ಹಾಗೇ ಉಳಿದೆವು. ಡ್ರೈವರು ನನಗೆ ಫೋನು ಮಾಡಿ, ‘ಬೇಜಾರಿಲ್ಲ ಮೇಡಂ, ಅಮ್ಮ ಇಳಿಸೋ ಅಂದ್ರು, ಇಳಿಸ್ದೆ. ಇನ್ನೇನ್ ಮಾಡ್ಬೇಕಿತ್ತು?’ ಎಂದರು. ಉತ್ತರ ತಮ್ಮಲ್ಲಿ ಇದ್ದೀತೆಂದು ಈ ಪ್ರಶ್ನೆಯನ್ನು ಮುಂದಕ್ಕೆ ಕಳಿಸುತ್ತಿದ್ದೇನೆ.

ನನ್ನ ಬಿನ್ನಹ ಸಣ್ಣದು. ಆ ಡ್ರೈವರಿಗೆ ಅವರ ಕೆಲಸ ಮರಳಿಸಿ. ಕೇಕನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡಿ. ಮೊನ್ನೆಯಿಂದ ತಮ್ಮ ಹಿಂದಿನ ಸೀಟಿನಲ್ಲಿ ಊಟ ನಿದ್ದೆಯಿಲ್ಲದೆ ಕುಳಿತಿರುವ, ಅರವತ್ತೊಂಬತ್ತು ವರ್ಷದ ಹೆಂಗಸನ್ನು ಗುರುವಾರದೊಳಗೆ ದಯವಿಟ್ಟು ಇಳಿಸಿ. ಹೊಸದಾಗಿ ನಾನೇನೂ ಕೇಳುತ್ತಿಲ್ಲ. ಇದೇ ಮಾತನ್ನು ಅವರೇ, ಎಂಟು ತಿಂಗಳ ಮೌನ ಮುರಿದು, ತಮ್ಮ ಎದುರಿಗೇ ಹೇಳಿದ್ದಾರೆ. ಮನುಷ್ಯನಾದವನು ಒಂದೇ ಸಲಕ್ಕೆ ಕೇಳಿಸಿಕೊಂಡ.

ತಮ್ಮ ವಿಶ್ವಾಸಿ,
ತಮ್ಮ ದಾಖಲೆಯ ಪ್ರಕಾರ ಇನ್ನೂ ಹಿಂದಿನ ಸೀಟಿನ ಎಡಗಡೆ ಕುಳಿತಿರುವ ಪ್ರಯಾಣಿಕಳು

ವಿ.ಸೂ.: ಈ ಪತ್ರವನ್ನು ಅಡುಗೆಮನೆಯಲ್ಲಿ ಓದಿ ಹೇಳಿದಾಗ ದೊಡ್ಡಮ್ಮ ಪೂರ್ತಿ ಕೇಳಿ, ‘ಉದ್ದ ಆಯ್ತು, ಬೈದಿದ್ದು ಸಾಲ್ದು’ ಎಂದರು. ನನ್ನ ಕೈಯಲ್ಲಿ ಆಗ ಫೋನಿರಲಿಲ್ಲ. ಆದರೆ ಅವರಿನ್ನೂ ತಮ್ಮ ಟ್ಯಾಕ್ಸಿಯಲ್ಲೇ ಇರುವುದರಿಂದ, ಈ ಮಾತೂ ತಮ್ಮಲ್ಲಿ ರೆಕಾರ್ಡ್ ಆಗಿರಲೇಬೇಕು. ದಯವಿಟ್ಟು ಅದನ್ನೂ ಕಳಿಸಿಕೊಡಿ.